ಸಹಿ ಹಾಕಲ್ಲ ಅನ್ನುವ ಅಪ್ಪ, ಬೆಳಿಗ್ಗೆ ಬಾಗಿಲು ತಟ್ಟುವ ಅಪ್ಪ

ಅಕ್ಕಾ, ನಮಸ್ಕಾರ.

ನಮ್ಮದು ದಕ್ಷಿಣ ಕೊಡಗು. ನನ್ನ ಗಂಡ ಸೈನ್ಯಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಯಲ್ಲಿ ಓದಿ ಸೈನ್ಯ ಸೇರಿ, ಕರ್ನಲ್ ಆಗಿ ನಿವೃತ್ತರಾದವರು. ಅವಧಿಗೆ ಮೊದಲೇ ಬಿಟ್ಟು ಬಂದು ಆರು ವರ್ಷವಾಯಿತು. ಈಗ ಕಾಫಿ, ಮೆಣಸು ನೋಡಿಕೊಳ್ಳುತ್ತಾರೆ. 1999ರಲ್ಲಿ ಕಾರ್ಗಿಲ್‌ನಲ್ಲಿದ್ದರು. ಆಗ ಅವರಿಗೆ 24 ವರ್ಷ, ನಮ್ಮ ಮದುವೆ ಆಗಿರಲಿಲ್ಲ. ಆಮೇಲೂ ಇಪ್ಪತ್ತು ವರ್ಷ ಯೂನಿಫಾರ್ಮ್‌ನಲ್ಲೇ ಇದ್ದರು. ಸೈನ್ಯದ ಬಗ್ಗೆ ಒಂದು ಕೆಟ್ಟ ಮಾತು ಅವರ ಬಾಯಲ್ಲಿ ಕೇಳಿದವಳಲ್ಲ ನಾನು.

ಬಿಟ್ಟು ಬಂದ ಮೇಲೆ ಬದಲಾಗಿದ್ದಾರೆ. ಯುದ್ಧ ಯಾರೇ ಮಾಡಲಿ ತಪ್ಪು ಅನ್ನುತ್ತಾರೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಐನ್‌ಮನೆಯಲ್ಲಿ, ಅಂದರೆ ಹಿರಿಯರ ಮನೆಯಲ್ಲಿ, ಕೋವಿಗೆ ತೋಕ್ ಪೂ ಹೂವಿಟ್ಟು ಕೈ ಮುಗಿಯುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ಕರೆದರೆ ಮಾತ್ರ ಬರಲ್ಲ. ಎರಡು ವರ್ಷದ ಹಿಂದೆ ಒಂದು ಶಾಲೆಯವರು ಜುಲೈ 26ರ ಕಾರ್ಗಿಲ್ ವಿಜಯ ದಿವಸದ ಭಾಷಣಕ್ಕೆ ಕರೆದಿದ್ದರು. ಹೋದರು. ಮೈಕ್ ಮುಂದೆ ನಿಂತು, ತಮ್ಮ ಕಂಪನಿಯಲ್ಲಿ ತೀರಿಕೊಂಡ ನಾಲ್ಕು ಹುಡುಗರ ಹೆಸರು ಹೇಳಿದರು, ಅವರ ಊರು ಹೇಳಿದರು, ಬಂದು ಕೂತರು. ಅಷ್ಟೇ ಭಾಷಣ. ಹೆಡ್‌ಮಾಸ್ಟರ್‌ಗೆ ಏನು ಮಾಡಬೇಕೋ ತಿಳಿಯದೆ ಚಪ್ಪಾಳೆ ತಟ್ಟಿದರು. ಈ ಸಲದ ಹಬ್ಬದ ಊಟದಲ್ಲಿ ನನ್ನ ಮೈದುನ ಎಲ್ಲರೆದುರು, "ಪೆನ್ಷನ್ ತಿಂದುಕೊಂಡು ಗಾಂಧಿ ಆಗೋದು ಸುಲಭ" ಅಂದ. ಇವರು ಎದ್ದು ಕೈ ತೊಳೆದುಕೊಂಡರು. ತಟ್ಟೆಯಲ್ಲಿ ಕಡಂಬುಟ್ಟು ಹಾಗೇ ಇತ್ತು.

ಈಗಿನ ಕಷ್ಟ ಮಗಳದ್ದು. ಅವಳಿಗೆ 17. ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾಗಿದ್ದಾಳೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಸಂದರ್ಶನ. ಅಪ್ಪ ಅಮ್ಮನ ಸಹಿ ಬೇಕಾದ ಒಂದು ಕಾಗದ ಇದೆ. "ನಾನು ಹಾಕಲ್ಲ" ಅಂದುಬಿಟ್ಟರು. ಕಾರಣ ಕೇಳಿದರೆ ತೋಟಕ್ಕೆ ಹೋಗುತ್ತಾರೆ. ಮೂರು ವಾರದಿಂದ ಅಪ್ಪ ಮಗಳ ಮಾತೆಲ್ಲ ನನ್ನ ಮೂಲಕ. "ಅಪ್ಪನಿಗೆ ಹೇಳು", "ನಿನ್ನ ಮಗಳಿಗೆ ಹೇಳು". ನನ್ನ ತಾಯಿ, "ನೀನೇ ಸಹಿ ಹಾಕಿ ಕಳಿಸು, ಮುಗೀತು" ಅನ್ನುತ್ತಾರೆ.

ಇನ್ನೊಂದು ವಿಷಯ. ಇವರಿಗೆ ಅಲಾರಂ ಸದ್ದು ಆಗುವುದಿಲ್ಲ. ಒಮ್ಮೆ ಕರೆಂಟ್ ಹೋಗಿದ್ದ ರಾತ್ರಿ, ಅದೊಂದೇ ಸಲ, ಹೇಳಿದ್ದರು. ಅವರು ಹಿಡಿದ ಬಂಕರ್‌ನಲ್ಲಿ ಸತ್ತು ಬಿದ್ದಿದ್ದ ಪಾಕಿಸ್ತಾನದ ಹುಡುಗನೊಬ್ಬನ ಕೈಯಲ್ಲಿ ಅಗ್ಗದ ಡಿಜಿಟಲ್ ವಾಚ್ ಇತ್ತಂತೆ. ನಮ್ಮ ಸಮಯಕ್ಕಿಂತ ಅರ್ಧ ಗಂಟೆ ಹಿಂದೆ. ಶೆಲ್ ಬೀಳುತ್ತಲೇ ಇದ್ದುದರಿಂದ ಮೂರು ದಿನ ಅವನನ್ನು ಮಣ್ಣು ಮಾಡೋಕೆ ಆಗಲಿಲ್ಲ. ಬೆಳಗಿನ ಜಾವ ಆ ವಾಚು ಬೀಪ್ ಬೀಪ್ ಅನ್ನೋದು. "ಅದನ್ನು ಆಫ್ ಮಾಡೋಕೆ ಮೂರು ದಿನವೂ ನನಗೆ ಕೈ ಬರಲಿಲ್ಲ" ಅಂದು ಮಗ್ಗುಲಾದರು. ಮಗಳು ಓಡೋಕೆ ಹೋಗಲು ಐದಕ್ಕೆ ಅಲಾರಂ ಇಡುತ್ತಾಳೆ. ಅದು ಹೊಡೆಯುವ ಮೊದಲೇ ಇವರೇ ಎದ್ದು ಅವಳ ಬಾಗಿಲು ತಟ್ಟುತ್ತಾರೆ.

ಇವರಿಗೆ ಏನಾದರೂ ಕಾಯಿಲೆನಾ ಅಕ್ಕ? ನೆಂಟರಿಗೆ ಏನು ಹೇಳಲಿ? ನಾನು ಗಂಡನ ಪರ ನಿಲ್ಲಲಾ, ಮಗಳ ಪರ ನಿಲ್ಲಲಾ?

ಹೆಸರು ಬೇಡ, ಕೊಡಗು

ತಂಗೀ,

ಕೊನೆಯಲ್ಲಿ "ಇನ್ನೊಂದು ವಿಷಯ" ಅಂತ ಸೇರಿಸಿದ್ದೀರಲ್ಲ, ನಾನು ಅಲ್ಲೇ ನಿಂತುಬಿಟ್ಟೆ. ಈ ಕೆಲಸದಲ್ಲಿ ಇಷ್ಟು ವರ್ಷ ಪತ್ರ ಓದಿ ಕಲಿತದ್ದು ಒಂದೇ. ನಿಜವಾದ ಪತ್ರ ಶುರುವಾಗೋದು "ಇನ್ನೊಂದು ವಿಷಯ" ಅಂದ ಮೇಲೆ.

ಮೊದಲು ಕಾಯಿಲೆಯ ಪ್ರಶ್ನೆ. ಇಲ್ಲಿ ಎರಡು ಸಂಗತಿ ಒಂದಕ್ಕೊಂದು ಹೆಣೆದುಕೊಂಡಿವೆ, ನೀವು ಬಿಡಿಸಿ ನೋಡಬೇಕು. ಯುದ್ಧ ತಪ್ಪು ಅಂತ ನಿಮ್ಮ ಮನೆಯವರಿಗೆ ಅನಿಸಿರೋದು ಒಂದು. ಅಲಾರಂ ಸದ್ದು ಕೇಳಲಾರದೆ ಕತ್ತಲಲ್ಲೇ ಎದ್ದು ಕೂರೋದು ಇನ್ನೊಂದು. ಮೊದಲನೆಯದು ಅಭಿಪ್ರಾಯ. ಅದಕ್ಕೆ ಮಾತ್ರೆ ಇಲ್ಲ, ಬೇಕಾಗಿಯೂ ಇಲ್ಲ.

ಅಭಿಪ್ರಾಯವನ್ನು ಕಾಯಿಲೆ ಅಂತ ಕರೆಯೋದು ಹಳೇ ಉಪಾಯ. ಒಂದನೇ ಮಹಾಯುದ್ಧದಲ್ಲಿ ಸೀಗ್‌ಫ್ರೀಡ್ ಸಸೂನ್ ಅನ್ನುವ ಇಂಗ್ಲೆಂಡಿನ ಅಧಿಕಾರಿ ಇದ್ದ. ಕವಿ ಕೂಡ. ಧೈರ್ಯಕ್ಕೆ ಮಿಲಿಟರಿ ಕ್ರಾಸ್ ಪದಕ ಪಡೆದವನು. 1917ರಲ್ಲಿ, ಈ ಯುದ್ಧವನ್ನು ನಿಲ್ಲಿಸಬಲ್ಲವರೇ ಬೇಕೆಂದು ಎಳೆಯುತ್ತಿದ್ದಾರೆ, ನಾನು ಇನ್ನು ಇದರಲ್ಲಿ ಸೇರುವುದಿಲ್ಲ ಅಂತ ಬಹಿರಂಗವಾಗಿ ಬರೆದ. ಅದನ್ನು ಪಾರ್ಲಿಮೆಂಟಿನಲ್ಲೂ ಓದಲಾಯಿತು. ಕೋರ್ಟ್ ಮಾರ್ಷಲ್ ಮಾಡಿದರೆ ಊರೆಲ್ಲ ಸುದ್ದಿ. ಅದಕ್ಕೆ ಸೈನ್ಯದವರು ಇವನಿಗೆ ನರಗಳ ತೊಂದರೆ ಅಂತ ಹೇಳಿ ಎಡಿನ್‌ಬರಾ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಅನ್ನೋ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಆಗಿದ್ದು ನೋಡಿ, ಅವನೇ ಮತ್ತೆ ಯುದ್ಧಭೂಮಿಗೆ ಹೋದ. ಯುದ್ಧ ಸರಿ ಅನಿಸಿತು ಅಂತಲ್ಲ, ತನ್ನ ಹುಡುಗರು ಅಲ್ಲಿದ್ದರು ಅಂತ. 1918ರಲ್ಲಿ ತಲೆಗೆ ಗುಂಡು ತಗುಲಿತು, ಬದುಕಿಕೊಂಡ. ನಾಲ್ಕು ಹೆಸರು ಹೇಳಿ ಬಂದು ಕೂತ ನಿಮ್ಮ ಕರ್ನಲ್ ಸಾಹೇಬರಿಗೆ ಈ ಮನುಷ್ಯ ಅರ್ಥವಾಗುತ್ತಾನೆ ಅಂತ ನನ್ನ ಊಹೆ.

ಎರಡನೆಯದು ಬೇರೆ. ಒಂದು ಸದ್ದು ಮನುಷ್ಯನನ್ನು 26 ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗುತ್ತೆ ಅಂದರೆ ಅದಕ್ಕೆ ವೈದ್ಯರ ಹತ್ತಿರ ಹೆಸರೂ ಇದೆ, ಚಿಕಿತ್ಸೆಯೂ ಇದೆ. ನಿಮ್ಮ ಮನೆಯವರಿಗೆ ಅದೇ ಇದೆ ಅಂತ ಪತ್ರ ನೋಡಿ ನಾನು ಹೇಳಲಾರೆ. ಆದರೆ ಕೇಳಿ ನೋಡಬಹುದು. ಕೇಳುವಾಗ ಜಾಣತನ ಬೇಕು. "ನಿಮಗೆ ತಲೆ ಸರಿಯಿಲ್ಲ, ಅದಕ್ಕೇ ಹೀಗೆ ಮಾತಾಡ್ತೀರಾ" ಅನ್ನೋ ಧಾಟಿಯಲ್ಲಿ ಹೋದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಶಾಂತಿ, ಯುದ್ಧ, ಸಹಿ ಯಾವುದನ್ನೂ ಎತ್ತಬೇಡಿ. ನಿದ್ದೆಯ ಬಗ್ಗೆ ಮಾತ್ರ ಮಾತಾಡಿ. "ರೀ, ನೀವು ಸರಿಯಾಗಿ ಮಲಗಿ ಎಷ್ಟು ವರ್ಷ ಆಯ್ತು?" ಅಷ್ಟು ಸಾಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಅವರ ಹತ್ತಿರ ಇದ್ದೇ ಇರುತ್ತೆ. ಪಾಲಿಕ್ಲಿನಿಕ್‌ನಲ್ಲಿ ಹೇಳಿದರೆ ಮನೋವೈದ್ಯರಿಗೆ ಬರೆದುಕೊಡುತ್ತಾರೆ. ಅಲ್ಲಿಗೆ ಹೋದರೆ ಪರಿಚಯದವರು ನೋಡುತ್ತಾರೆ ಅನ್ನೋ ಮುಜುಗರವಿದ್ದರೆ 14416ಕ್ಕೆ ಫೋನ್ ಮಾಡಲಿ. ಟೆಲಿ ಮನಸ್ ಅಂತ, ಸರ್ಕಾರದ್ದೇ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಮಾಡದಿದ್ದರೆ ನೀವೇ ಒಮ್ಮೆ ಮಾಡಿ. ಜೊತೆಗಿರುವವರೂ ಕೇಳಬಹುದು.

ನೆಂಟರಿಗೆ ಏನು ಹೇಳಲಿ ಅಂದಿರಿ. ಪಂಡಿ ಕರಿಯ ಮುಂದೆ ಕೂತು ದೇಶಭಕ್ತಿಯ ಪರೀಕ್ಷೆ ಮಾಡುವವರಿಗೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ಆದರೂ ನಿಮ್ಮ ಮೈದುನನಿಗೆ ಒಂದು ಹೆಸರು ಹೇಳಿಡಿ. ಅಡ್ಮಿರಲ್ ಲಕ್ಷ್ಮೀನಾರಾಯಣ ರಾಮದಾಸ್. 1971ರ ಯುದ್ಧದಲ್ಲಿ ಐಎನ್‌ಎಸ್ ಬಿಯಾಸ್ ಹಡಗಿನ ಕ್ಯಾಪ್ಟನ್, ವೀರಚಕ್ರ ಬಂತು. 1990ರಿಂದ 93ರವರೆಗೆ ನೌಕಾಪಡೆಗೇ ಮುಖ್ಯಸ್ಥ. ನಿವೃತ್ತರಾದ ಮೇಲೆ ಅಲಿಬಾಗ್ ಹತ್ತಿರದ ಹಳ್ಳಿಯಲ್ಲಿ ತೋಟ ಮಾಡಿಕೊಂಡು, ಭಾರತ ಪಾಕಿಸ್ತಾನದ ಜನರ ನಡುವೆ ಮಾತು ನಡೆಯಲಿ ಅಂತ ಓಡಾಡಿದರು. 1998ರಲ್ಲಿ ದೇಶವೆಲ್ಲ ಅಣುಪರೀಕ್ಷೆಗೆ ಸಿಹಿ ಹಂಚುತ್ತಿದ್ದಾಗ ಬೇಡ ಅಂದವರು. 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪಾಕಿಸ್ತಾನದ ಪತ್ರಕರ್ತ ಐ.ಎ. ರೆಹಮಾನ್ ಜೊತೆ ಸೇರಿಸಿ, ಇಬ್ಬರಿಗೂ ಒಟ್ಟಿಗೆ. 2024ರ ಮಾರ್ಚ್‌ನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಾತು ಒಪ್ಪದವರು ಬೇಕಾದಷ್ಟು ಜನ ಇದ್ದರು, ಈಗಲೂ ಇದ್ದಾರೆ. ಇರಲಿ. ಆದರೆ ವೀರಚಕ್ರದವನಿಗೆ ಹೇಡಿ ಅನ್ನೋಕೆ ನಾಲಿಗೆ ಹೊರಳಬೇಕಲ್ಲ?

ಇಷ್ಟು ದೂರ ಹೋಗುವುದೂ ಬೇಡ. ಶ್ರವಣಬೆಳಗೊಳದ ಬೆಟ್ಟ ಹತ್ತಿ ನೀವೆಲ್ಲ ಕೈ ಮುಗಿದು ಬಂದಿರುತ್ತೀರಿ. ಭರತ ಬಾಹುಬಲಿ ಸೈನ್ಯ ಕಟ್ಟಿಕೊಂಡು ಎದುರುಬದುರು ನಿಂತಾಗ ಮಂತ್ರಿಗಳು, ನಿಮ್ಮಿಬ್ಬರ ಜಗಳಕ್ಕೆ ಈ ಜನ ಯಾಕೆ ಸಾಯಬೇಕು, ನೀವಿಬ್ಬರೇ ನೋಡಿಕೊಳ್ಳಿ ಅಂದರಂತೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಗೆದ್ದ. ಗೆದ್ದ ಮೇಲೆ ಎಲ್ಲ ಬಿಟ್ಟು ಹೋಗಿ ನಿಂತ. ಆ ಮೂರ್ತಿಯನ್ನು 981ರಲ್ಲಿ ಮಾಡಿಸಿದವನು ಯಾರು? ಚಾವುಂಡರಾಯ. ಗಂಗರ ಸೇನಾಪತಿ. ಎಷ್ಟೋ ಯುದ್ಧ ಮಾಡಿದವನಿಗೆ ಬೆಟ್ಟದ ಮೇಲೆ ನಿಲ್ಲಿಸೋಕೆ ಯುದ್ಧ ಬಿಟ್ಟವನೇ ಬೇಕಾದ. ನಿಮ್ಮ ಮೈದುನನಿಗೆ ಇದನ್ನು ಹೇಳುವುದಾದರೆ ಮುಂದಿನ ಹಬ್ಬದವರೆಗೆ ಕಾಯಿರಿ, ಊಟ ಮುಗಿದ ಮೇಲೆ ಹೇಳಿ.

ನಾನು ಯಾವ ಪಕ್ಷ ಅಂತಲೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಲಹೆ ಕೊಡೋದು ಸರಿಯಲ್ಲ. ಯಾರೇ ಮಾಡಲಿ ಯುದ್ಧ ತಪ್ಪು ಅನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1999ರಲ್ಲಿ ಆ ಶಿಖರಗಳ ಮೇಲೆ ಬಂದು ಕೂತವರನ್ನು ಯಾರಾದರೂ ಇಳಿಸಲೇಬೇಕಿತ್ತು. ನಮ್ಮ ಕಡೆ 527 ಜನ ತೀರಿಹೋದರು. ಆದರೆ ಆ ಬೆಟ್ಟ ಹತ್ತಿದವರು ನಿಮ್ಮ ಮನೆಯವರು, ನಾನು ಟಿವಿ ಮುಂದೆ ಕಾಫಿ ಕುಡಿಯುತ್ತಿದ್ದೆ. ಅವರು ಹೇಳೋದನ್ನು ಒಪ್ಪದಿದ್ದರೂ ಕೇಳಿಸಿಕೊಳ್ಳುವ ಸಾಲ ನನ್ನ ಮೇಲಿದೆ. ನಿಮ್ಮ ನೆಂಟರ ಮೇಲೂ.

ಎದುರಾಳಿಯನ್ನು ಮನುಷ್ಯ ಅಂತ ನೋಡೋದು ಸೈನ್ಯಕ್ಕೇನೂ ಹೊಸದಲ್ಲ. ಕಾರ್ಗಿಲ್‌ನಲ್ಲಿ ಸತ್ತ ಪಾಕಿಸ್ತಾನಿ ಸೈನಿಕರನ್ನು, ಅವರ ದೇಶವೇ ಇವರು ನಮ್ಮವರಲ್ಲ ಅನ್ನುತ್ತಿದ್ದಾಗ, ನಮ್ಮ ಹುಡುಗರೇ ಇಸ್ಲಾಂ ಪದ್ಧತಿಯಂತೆ ಮಣ್ಣು ಮಾಡಿದರು. ಟೈಗರ್ ಹಿಲ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಅನ್ನುವವನು ಹೋರಾಡಿ ಸತ್ತ. 'ಕರ್ನಲ್' ಅನ್ನೋದು ಅವನ ಹೆಸರೇ, ಹುದ್ದೆ ಕ್ಯಾಪ್ಟನ್. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ಹೆಣ ವಾಪಸ್ ಕಳಿಸುವಾಗ, ಇವನು ಧೀರನಾಗಿ ಹೋರಾಡಿದ ಅಂತ ಒಂದು ಚೀಟಿ ಬರೆದು ಜೇಬಿನಲ್ಲಿಟ್ಟರು. ಅವನಿಗೆ ಅವನ ದೇಶದ ಅತಿ ದೊಡ್ಡ ಪದಕ ಸಿಕ್ಕಿತು. ಬಾಜ್ವಾ ಅವರನ್ನು ಯಾರೂ ದೇಶದ್ರೋಹಿ ಅನ್ನಲಿಲ್ಲ. ಅವರು ಚೀಟಿ ಬರೆದರು, ನಿಮ್ಮ ಮನೆಯವರಿಗೆ ವಾಚ್ ಆಫ್ ಮಾಡೋಕೆ ಕೈ ಬರಲಿಲ್ಲ. ಎರಡೂ ಒಂದೇ ಬೆಟ್ಟದ ಸಾಲಿನಲ್ಲಿ ನಡೆದದ್ದು.

ಈಗ ಮಗಳು. ಒಂದು ಪ್ರಶ್ನೆ ಕೇಳ್ತೀನಿ. ಆ ವಾಚಿನ ಕಥೆ ಅವಳಿಗೆ ಗೊತ್ತಾ?

ಗೊತ್ತಿಲ್ಲ, ಅಲ್ವಾ? ಅವಳು ಹುಟ್ಟಿದಾಗಿನಿಂದ ನೋಡಿದ್ದು ಗೋಡೆ ಮೇಲಿನ ಯೂನಿಫಾರ್ಮ್ ಫೋಟೋ, ಶೋಕೇಸಿನ ಪದಕಗಳು, ಕಂಟೋನ್ಮೆಂಟಿನ ಸ್ವಚ್ಛ ರಸ್ತೆ, ಅಪ್ಪನಿಗೆ ಸೆಲ್ಯೂಟ್ ಹೊಡೆಯುವ ಜನ. ನೋಡಿದ್ದನ್ನು ಇಷ್ಟಪಟ್ಟಳು. ಅದರಲ್ಲಿ ತಪ್ಪೇನು? ಈಗ ಇದ್ದಕ್ಕಿದ್ದಂತೆ ಅಪ್ಪ ಬೇಡ ಅನ್ನುತ್ತಾರೆ, ಯಾಕೆ ಅಂತ ಹೇಳಲ್ಲ. ಅವಳಿಗೆ ಹೇಗೆ ಕೇಳಿಸುತ್ತೆ ಗೊತ್ತಾ? ನೀನು ಹುಡುಗಿ, ನಿನ್ನ ಕೈಲಾಗಲ್ಲ ಅಂದ ಹಾಗೆ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. 2025ರ ಮೇನಲ್ಲಿ ಮೊದಲ 17 ಹುಡುಗಿಯರು ಖಡಕ್‌ವಾಸ್ಲಾದ ಆ ಅಕಾಡೆಮಿಯಿಂದ ಪಾಸಾಗಿ ಹೊರಬಂದರು. ನಿಮ್ಮ ಮಗಳು ಆ ವಿಡಿಯೋ ಎಷ್ಟು ಸಲ ನೋಡಿರಬಹುದು, ಲೆಕ್ಕ ಹಾಕಿ. ಅಂಥವಳ ಮುಂದೆ ಬರೀ "ಹಾಕಲ್ಲ" ಅಂದರೆ ಸಾಲದು.

ಸಹಿಯ ವಿಷಯದಲ್ಲಿ ಸ್ವಲ್ಪ ಸಮಾಧಾನ ಹೇಳ್ತೀನಿ. ಎಸ್‌ಎಸ್‌ಬಿಗೆ ಕೇಳುವ ಆ ಕಾಗದ ಯುದ್ಧಕ್ಕೆ ಕಳಿಸುವ ಒಪ್ಪಿಗೆಯೇನಲ್ಲ. ಅಲ್ಲಿ ಹಗ್ಗ ಹತ್ತುವಾಗ, ಗೋಡೆ ಹಾರುವಾಗ ಬಿದ್ದು ಪೆಟ್ಟಾದರೆ ಪರಿಹಾರ ಕೇಳಲ್ಲ ಅನ್ನೋದು. ಐದು ದಿನದ ಆಯ್ಕೆ, ಹೋದವರಲ್ಲಿ ಜಾಸ್ತಿ ಜನ ವಾಪಸ್ ಬರುತ್ತಾರೆ. ದೊಡ್ಡ ಕಾಗದ ಆಮೇಲೆ ಬರುತ್ತೆ, ಆಯ್ಕೆಯಾಗಿ ಅಕಾಡೆಮಿ ಸೇರುವಾಗ. ನಡುವೆ ಬಿಟ್ಟು ಬಂದರೆ ಖರ್ಚು ಕಟ್ಟಿಕೊಡುತ್ತೇವೆ ಅಂತೆಲ್ಲ ಹೆತ್ತವರು ಬರೆದುಕೊಡಬೇಕು. ನಿಮ್ಮ ಮನೆಯವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಹದಿನೇಳರ ವಯಸ್ಸಿನಲ್ಲಿ ಅವರ ಕಾಗದಕ್ಕೂ ಅವರ ಅಪ್ಪ ಎಲ್ಲೋ ಕೂತು ಸಹಿ ಹಾಕಿರುತ್ತಾರಲ್ಲ. ಒಮ್ಮೆ ಕೇಳಿ ನೋಡಿ, "ನಿಮ್ಮ ಅಪ್ಪ ಸಹಿ ಹಾಕಿದ ದಿನ ಏನಂದಿದ್ದರು?" ಉತ್ತರ ಏನೇ ಬರಲಿ, ಮಾತು ಬರುತ್ತೆ.

ನಿಮ್ಮ ತಾಯಿ ಹೇಳಿದ ಹಾಗೆ ಕದ್ದು ಸಹಿ ಹಾಕಬೇಡಿ. ಹೆತ್ತವರಲ್ಲಿ ನೀವೂ ಒಬ್ಬರು ನಿಜ. ಆದರೆ ಅವರ ಬೆನ್ನ ಹಿಂದೆ ಮಾಡಿದರೆ ಮಗಳು ಅಪ್ಪನನ್ನು ಗೆದ್ದು ಹೋದ ಹಾಗಾಗುತ್ತೆ, ಆ ಗೆಲುವು ಅವಳಿಗೇ ಭಾರ. ಅವರು ಮಾತಾಡಿದ ಮೇಲೂ ಹಾಕದಿದ್ದರೆ, ಅವರ ಎದುರೇ ಕೂತು, "ನೀವು ನಿಮ್ಮ ಮನಸ್ಸಿನ ವಿರುದ್ಧ ಹಾಕಬೇಡಿ, ನಾನು ಹಾಕ್ತೀನಿ" ಅಂತ ಹೇಳಿ ಹಾಕಿ. ಅದು ಅವರಿಗೂ ಗೌರವ. ಮನಸ್ಸು ಒಪ್ಪದ ಕಾಗದಕ್ಕೆ ಸಹಿ ಹಾಕದೆ ಇರುವ ಹಕ್ಕು ಅವರಿಗೆ ಇರಲಿ, ಅಪ್ಪ ಬೇಡ ಅಂದ ದಾರಿಯಲ್ಲಿ ಹೋಗುವ ಹಕ್ಕು ಅವಳಿಗೆ ಇರಲಿ.

ಆದರೆ ಹೋಗುವ ಮೊದಲು ಅವಳು ಕೇಳಿಸಿಕೊಳ್ಳಬೇಕು. ಹೆದರಿಸೋಕೆ ಅಲ್ಲ. ನಾಳೆ ಅವಳು ಲೆಫ್ಟಿನೆಂಟ್ ಆದರೆ ಅವಳ ಕೈಕೆಳಗೂ ಹುಡುಗರಿರುತ್ತಾರೆ, ಎದುರಿಗೂ ಹುಡುಗರಿರುತ್ತಾರೆ. ಆ ನಾಲ್ಕು ಹೆಸರು, ಆ ವಾಚು, ಇವನ್ನು ತಿಳಿದುಕೊಂಡು ಹೋದ ಅಧಿಕಾರಿ, ತಿಳಿಯದೆ ಹೋದವಳಿಗಿಂತ ಒಳ್ಳೆಯವಳಾಗುತ್ತಾಳೆ ಅನ್ನೋದು ನನ್ನ ನಂಬಿಕೆ. ಕೇಳಿಸಿಕೊಂಡು ಮನಸ್ಸು ಬದಲಾಯಿಸಿದರೂ ಸರಿಯೇ. ಎರಡರಲ್ಲಿ ಯಾವುದಾದರೂ ನೀವು ಬೇಸರ ಪಡಬೇಡಿ.

ಈ ಕಥೆಯನ್ನು ನೀವು ಹೇಳಕೂಡದು. ನಿಮಗೆ ಕೈ ತುರಿಸುತ್ತೆ, ಗೊತ್ತು. ಇವರು ಹೇಳಲ್ಲ, ನಾನೇ ಹೇಳಿಬಿಡ್ತೀನಿ ಅನಿಸುತ್ತೆ. ಬೇಡ. ಮೂರು ವಾರದಿಂದ ನೀವು ಮನೆಯ ಪೋಸ್ಟ್‌ಮ್ಯಾನ್ ಆಗಿದ್ದೀರಿ. ಯಾರ ಪರ ನಿಲ್ಲಲಿ ಅನ್ನುವ ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ. ಆ ಕೆಲಸಕ್ಕೆ ರಾಜೀನಾಮೆ ಕೊಡಿ. "ಅಪ್ಪನಿಗೆ ಹೇಳು" ಅಂದರೆ, "ಅಲ್ಲೇ ಇದ್ದಾರೆ, ನೀನೇ ಹೇಳು" ಅನ್ನಿ. ಎರಡು ದಿನ ಮನೆಯಲ್ಲಿ ಬಿಗಿ ಇರುತ್ತೆ. ಇರಲಿ ಬಿಡಿ.

ಊಟದ ಮೇಜಿಗೆ ಇಬ್ಬರನ್ನೂ ಕರೆದು ಕೂರಿಸಿ, ಈಗ ಮಾತಾಡಿ ಅಂತ ಪಂಚಾಯಿತಿ ಮಾಡೋದೂ ಬೇಡ. ಗಂಡಸರು, ಅದರಲ್ಲೂ ಸೈನ್ಯದಲ್ಲಿದ್ದವರು, ಮುಖ ನೋಡಿಕೊಂಡು ಇಂಥದ್ದು ಹೇಳಲ್ಲ. ನಿಮಗೂ ಹೇಳಿದ್ದು ಕರೆಂಟ್ ಹೋದಾಗಲೇ ತಾನೆ. ಪಕ್ಕಪಕ್ಕ ನಡೆಯುವಾಗ ಹೇಳುತ್ತಾರೆ. ಕತ್ತಲಿದ್ದರೆ ಇನ್ನೂ ವಾಸಿ.

ಮತ್ತೆ ಆ ಬಾಗಿಲಿಗೇ ಬರ್ತೀನಿ. ಬೇಡ ಅನ್ನುವ ಅಪ್ಪ ಅವಳನ್ನು ಮಲಗಲು ಬಿಡಬಹುದಿತ್ತು. ಅಲಾರಂ ಆಫ್ ಮಾಡಿ ಸುಮ್ನೆ ಹೋಗಬಹುದಿತ್ತು. ಮಾಡುತ್ತಿಲ್ಲ. ಯಾವ ಸದ್ದು ತನಗೆ ಆಗದೋ ಆ ಸದ್ದಿಗೆ ಮೊದಲು ಎದ್ದು, ಯಾವ ಕೆಲಸಕ್ಕೆ ಅವಳು ಹೋಗಬಾರದು ಅನ್ನುತ್ತಾರೋ ಅದರ ತಯಾರಿಗೇ ಅವಳನ್ನು ಎಬ್ಬಿಸುತ್ತಿದ್ದಾರೆ. ದಿನಾ. ಅವಳು ಇದನ್ನು ಅಪ್ಪನ ಮಿಲಿಟರಿ ಶಿಸ್ತು ಅಂದುಕೊಂಡಿರಬೇಕು.

ಇವತ್ತು ರಾತ್ರಿ ಅವರಿಗೆ ಇಷ್ಟು ಮಾತ್ರ ಹೇಳಿ: "ನಾಳೆ ಬಾಗಿಲು ತಟ್ಟಿದ ಮೇಲೆ ಒಳಗೆ ಬರಬೇಡಿ. ಅವಳ ಜೊತೆ ಗೇಟಿನವರೆಗಾದರೂ ನಡೆದು ಹೋಗಿ." ಯಾಕೆ ಅಂತ ಕೇಳಿದರೆ, ಕಾಡಾನೆ ಓಡಾಡ್ತಿವೆ ಅನ್ನಿ. ಕೊಡಗಿನಲ್ಲಿ ಅದು ಸುಳ್ಳೂ ಅಲ್ಲ. ಮೊದಲ ದಿನ ಏನೂ ಆಗಲ್ಲ, ನಾಲ್ಕನೇ ದಿನವೂ ಆಗದೇ ಇರಬಹುದು. ಬೆಳಿಗ್ಗೆ ನೀವು ಏಳಬೇಡಿ. ರಾತ್ರಿಯೇ ಫ್ಲಾಸ್ಕಿನಲ್ಲಿ ಕಾಫಿ ಹಾಕಿಟ್ಟು ಜಗುಲಿಯ ಮೇಲಿಡಿ, ಪಕ್ಕದಲ್ಲಿ ಲೋಟ ಬೋರಲು ಹಾಕಿಡಿ. ಎರಡೇ ಲೋಟ. ಮೂರನೆಯದು ಇಡಬೇಡಿ.